ಬಿಸಿ ಪಾತ್ರೆ ಎಲ್ಲಿಂದ ಎಲ್ಲಿಗೆ? ಅಡುಗೆಮನೆಯ ಬಗ್ಗೆ ಓದುಗರ ಪ್ರಶ್ನೆಗಳು

ಓಡಾಟಕ್ಕೆ ತೊಡಕಿರುವವರಿಗೆ ಒಪ್ಪುವಂಥ ಅಡುಗೆಮನೆಯನ್ನು ಹೇಗೆ ರೂಪಿಸಬೇಕೆಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಹೆಚ್ಚಿನವರು ಕೇಳಿರುವುದು ಅಳತೆಗಳನ್ನು. ಅವನ್ನು ಕೊಡುತ್ತೇನೆ. ಆದರೆ ಇಂಥ ಅಡುಗೆಮನೆಯ ನಕ್ಷೆಗೆ ಕೂತಾಗ ನಾನು ಮೊದಲು ಎಳೆಯುವುದು ಬೇರೊಂದು ಗೆರೆಯನ್ನು: ಕುದಿಯುವ ನೀರಿನ ಪಾತ್ರೆ ಒಲೆಯಿಂದ ಇಳಿದು ಎಲ್ಲಿಗೆ ಹೋಗುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ತೋರಿಸುವ ಗೆರೆ. ಆ ಗೆರೆ ಕಟ್ಟೆಯನ್ನು ಬಿಟ್ಟು ಗಾಳಿಯಲ್ಲಿ ಸಾಗುವ ಕಡೆಯಲ್ಲೇ ಅಪಾಯ ಕಾದಿರುತ್ತದೆ. ಕೆಳಗಿನ ಉತ್ತರಗಳಲ್ಲಿ ಅದೇ ಗೆರೆ ಮತ್ತೆ ಮತ್ತೆ ಬಂದರೆ ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ನಂತರ ನನ್ನ ಹೆಂಡತಿ ಗಾಲಿಕುರ್ಚಿಯನ್ನು ಬಳಸುತ್ತಾರೆ. ಮತ್ತೆ ಅಡುಗೆ ಮಾಡಬೇಕೆಂಬುದು ಅವರ ಹಟ. ಕಟ್ಟೆಯ ಎತ್ತರ ಎಷ್ಟಿರಬೇಕೆಂದು ಬಡಗಿ ಕೇಳುತ್ತಿದ್ದಾನೆ. ಒಂದು ಕಡೆ 75 ಸೆಂಟಿಮೀಟರ್ ಎಂದಿದೆ, ಇನ್ನೊಂದು ಕಡೆ 80, ಮತ್ತೊಂದು ಕಡೆ 86. ಯಾವುದನ್ನು ನಂಬಲಿ?

ಉತ್ತರ: ಮೂರೂ ಸುಳ್ಳಲ್ಲ, ಆದರೆ ಮೂರರಲ್ಲಿ ಒಂದೂ ನಿಮ್ಮ ಹೆಂಡತಿಯವರ ಅಳತೆಯಲ್ಲ. 86 ಸೆಂಟಿಮೀಟರಿನ ಮೂಲ ಅಮೆರಿಕದ ನಿಯಮಗಳಲ್ಲಿದೆ. ಅಂಗವಿಕಲರ ಹಕ್ಕುಗಳಿಗಾಗಿ 1990ರಲ್ಲಿ ಅಲ್ಲಿ ಬಂದ ಕಾನೂನಿನ ಅಡಿಯಲ್ಲಿ ರೂಪುಗೊಂಡ ಮಾನದಂಡಗಳು, ಗಾಲಿಕುರ್ಚಿಯವರು ಬಳಸುವ ಕಟ್ಟೆ 34 ಇಂಚನ್ನು, ಅಂದರೆ ಸುಮಾರು 86.5 ಸೆಂಟಿಮೀಟರನ್ನು ಮೀರಬಾರದು ಎನ್ನುತ್ತವೆ. ಅದು ಮೀರಬಾರದ ಮಿತಿಯೇ ಹೊರತು, ಅಷ್ಟೇ ಇರಲಿ ಎಂಬ ಸಲಹೆಯಲ್ಲ. ನಿಂತು ಕೆಲಸ ಮಾಡುವವರ ಕಟ್ಟೆಯೇ ಸಾಮಾನ್ಯವಾಗಿ 85ರಿಂದ 90 ಸೆಂಟಿಮೀಟರ್ ಇರುವಾಗ, ಕುಳಿತವರಿಗೆ 86 ಎಂದರೆ ಹೆಚ್ಚಿನವರು ಭುಜವನ್ನು ಎತ್ತಿಕೊಂಡೇ ತರಕಾರಿ ಹೆಚ್ಚಬೇಕಾಗುತ್ತದೆ. ಕುಳಿತು ಕೆಲಸ ಮಾಡುವ ಬಹಳ ಮಂದಿಗೆ 75ರಿಂದ 80ರ ನಡುವೆ ಎಲ್ಲೋ ಒಂದು ಕಡೆ ಹಿತವೆನಿಸುತ್ತದೆ. ಆ "ಎಲ್ಲೋ ಒಂದು ಕಡೆ" ಎಲ್ಲಿ ಎಂಬುದನ್ನು ನೀವೇ ಕಂಡುಕೊಳ್ಳಬೇಕು, ಮತ್ತು ಅದು ಕಷ್ಟವಲ್ಲ.

ಅವರು ದಿನವೂ ಬಳಸುವ ಕುರ್ಚಿಯಲ್ಲಿಯೇ, ದಿನವೂ ಬಳಸುವ ದಿಂಬಿನ ಮೇಲೆಯೇ ಕೂರಿಸಿ ಅಳೆಯಿರಿ. ದಿಂಬು ಬದಲಾದರೆ ಐದಾರು ಸೆಂಟಿಮೀಟರ್ ವ್ಯತ್ಯಾಸ ಬಂದುಬಿಡಬಹುದು. ನೆಲದಿಂದ ತೊಡೆಯ ಮೇಲ್ಭಾಗಕ್ಕೆ, ನೆಲದಿಂದ ಕುರ್ಚಿಯ ಕೈಯಾಸರೆಗೆ, ನೆಲದಿಂದ ಮಡಿಸಿದ ಮೊಣಕೈಗೆ ಇರುವ ಎತ್ತರವನ್ನೂ, ಹೊಟ್ಟೆಯಿಂದ ಪಾದದ ತುದಿಯವರೆಗಿನ ಉದ್ದವನ್ನೂ ಬರೆದುಕೊಳ್ಳಿ. ಕೊಯ್ಯುವ, ಹೆಚ್ಚುವ ಹಗುರ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ ತುಸುವೇ ಕೆಳಗಿದ್ದರೆ ಸಾಕು. ಹಿಟ್ಟು ನಾದುವಂತೆ ಬಲ ಹಾಕುವ ಕೆಲಸಕ್ಕೆ ಇನ್ನೂ ಕೆಳಗಿರಬೇಕು. ನಂತರ ಒಂದು ಹಲಗೆಯನ್ನು ಎರಡು ಪೆಟ್ಟಿಗೆಗಳ ಮೇಲಿಟ್ಟು, ಅಡಿಯಲ್ಲಿ ಪುಸ್ತಕಗಳನ್ನು ಸೇರಿಸುತ್ತ ತೆಗೆಯುತ್ತ ಒಂದು ವಾರ ಅವರು ಅಲ್ಲಿಯೇ ಕೆಲಸ ಮಾಡಲಿ. ಬಡಗಿ ಒಂದು ವಾರ ಕಾಯುತ್ತಾನೆ. ಕಟ್ಟಿದ ಕಲ್ಲುಕಟ್ಟೆಯನ್ನು ಒಡೆಸುವುದಕ್ಕಿಂತ ಅದು ಅಗ್ಗ.

ಎತ್ತರದಷ್ಟೇ ಮುಖ್ಯವಾದದ್ದು ಕಟ್ಟೆಯ ಅಡಿಯ ಖಾಲಿ ಜಾಗ. ಮಂಡಿಗಳು ಒಳಗೆ ಹೋಗದಿದ್ದರೆ ಅವರು ಕಟ್ಟೆಗೆ ಓರೆಯಾಗಿ ಕುಳಿತು, ಸೊಂಟ ತಿರುಚಿಕೊಂಡು ಕೆಲಸ ಮಾಡಬೇಕಾಗುತ್ತದೆ. ಮಂಡಿಗಳಿಗೆ ಕನಿಷ್ಠ 68.5 ಸೆಂಟಿಮೀಟರ್ ಎತ್ತರ, 76 ಸೆಂಟಿಮೀಟರ್ ಅಗಲ ಬೇಕೆಂಬುದು ಅದೇ ಮಾನದಂಡಗಳ ಲೆಕ್ಕ. ಅಗಲವನ್ನು 90ಕ್ಕೆ ಏರಿಸಿದರೆ ಕುರ್ಚಿಯನ್ನು ಕೊಂಚ ಅತ್ತಿತ್ತ ತಿರುಗಿಸಲೂ ಆಗುತ್ತದೆ. ಇಲ್ಲಿ ಬಡಗಿಗಳು ಮಾಡುವ ಒಂದು ತಪ್ಪನ್ನು ಮೊದಲೇ ತಡೆಯಿರಿ. ಕಲ್ಲಿನ ಕೆಳಗೆ ಅಂದಕ್ಕಾಗಿ ಹತ್ತು ಸೆಂಟಿಮೀಟರಿನ ಒಂದು ಪಟ್ಟಿಯನ್ನು ಹೊಡೆದುಬಿಡುತ್ತಾರೆ. ಕಾಗದದ ಮೇಲೆ ಸರಿಯಾಗಿದ್ದ ಲೆಕ್ಕವೆಲ್ಲ ಆ ಪಟ್ಟಿಗೆ ಮಂಡಿ ತಗುಲಿದಾಗ ಮುಗಿಯುತ್ತದೆ. ಕಟ್ಟೆ ತೆಳುವಾಗಿರಲಿ, ಆಧಾರವನ್ನು ಹಿಂದಿನ ಗೋಡೆಯಿಂದಲೂ ಪಕ್ಕಗಳಿಂದಲೂ ಕೊಡಿಸಿ. ಕುರ್ಚಿಯ ಪಾದದಾಸರೆ ಒಳಗೆ ಸೇರುವಂತೆ ಉಳಿದ ಕಪಾಟುಗಳ ತಳವನ್ನು ಸುಮಾರು 23 ಸೆಂಟಿಮೀಟರ್ ಮೇಲಕ್ಕೆತ್ತಿ, ಕೆಳಗಿನ ಪೀಠವನ್ನು 15 ಸೆಂಟಿಮೀಟರಿನಷ್ಟು ಹಿಂದಕ್ಕೆ ಸರಿಸಿದರೆ, ಚಿಕ್ಕ ಕೋಣೆಯಲ್ಲೂ ಕುರ್ಚಿ ತಿರುಗಲು ಬೇಕಾದ ಸುಮಾರು 150 ಸೆಂಟಿಮೀಟರ್ ವ್ಯಾಸದ ಜಾಗ ಸಿಕ್ಕೀತು.

ಇನ್ನು ಸಿಂಕು. ಬೆನ್ನುಹುರಿಗೆ ಪೆಟ್ಟಾದ ಅನೇಕರಿಗೆ ಕಾಲಿನಲ್ಲಿ ಸ್ಪರ್ಶಜ್ಞಾನವಿರುವುದಿಲ್ಲ. ಬಿಸಿನೀರಿನ ಕೊಳವೆ ತೊಡೆಗೆ ತಗುಲಿ ಚರ್ಮ ಸುಡುತ್ತಿದ್ದರೂ ಅವರಿಗೆ ತಿಳಿಯದು. ಸಂಜೆ ಬಟ್ಟೆ ಬದಲಾಯಿಸುವಾಗ ಬೊಬ್ಬೆ ಕಂಡಾಗಲೇ ಗೊತ್ತಾಗುವುದು. ಆದ್ದರಿಂದ ಸಿಂಕು 15–16 ಸೆಂಟಿಮೀಟರಿಗಿಂತ ಆಳವಿರದೆ, ನೀರು ಹೋಗುವ ತೂತು ನಡುವೆ ಬಾರದೆ ಹಿಂಬದಿಯ ಮೂಲೆಯಲ್ಲಿರಬೇಕು, ಕೊಳವೆಗಳಿಗೆ ಶಾಖನಿರೋಧಕ ಹೊದಿಕೆಯಿರಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಕೈಗೊಂಡ ಮೊದಲ ಇಂಥ ಅಡುಗೆಮನೆಯಲ್ಲಿ ಮಂಡಿಯ ಜಾಗವನ್ನು ಅಚ್ಚುಕಟ್ಟಾಗಿ ಬಿಡಿಸಿ, ಸಿಂಕನ್ನು ಮಾತ್ರ ಅಂಗಡಿಯಲ್ಲಿ ಚೆಂದ ಕಂಡದ್ದನ್ನು ತಂದಿದ್ದೆ. ತೂತು ನಟ್ಟನಡುವೆ ಇತ್ತು. ಅದರ ಕೆಳಗಿನ ಬಾಗುಕೊಳವೆ ಸರಿಯಾಗಿ ಮಂಡಿ ಬರುವಲ್ಲಿಗೇ ಇಳಿದಿತ್ತು. ಮನೆಯಾಕೆ ಸೌಜನ್ಯದಿಂದ ಎರಡು ತಿಂಗಳು ಏನೂ ಹೇಳಲಿಲ್ಲ.

ಬಿಸಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಸಾಗಿಸುವ ಪ್ರಸಂಗವೇ ಬಾರದಂತೆ ಒಲೆಯೂ ಸಿಂಕೂ ಒಂದೇ ಕಟ್ಟೆಯ ಮೇಲೆ, ನಡುವೆ ತಡೆಯಿಲ್ಲದೆ ಇರಲಿ. ನೀವು ನಿಂತು ಕೆಲಸ ಮಾಡುವವರಾದರೆ ಎದುರು ಗೋಡೆಗೆ ಎತ್ತರದ ಇನ್ನೊಂದು ಚಿಕ್ಕ ಕಟ್ಟೆಯನ್ನು ಹಾಕಿಸಿಕೊಳ್ಳಿ. ಎತ್ತರವನ್ನು ಗುಂಡಿ ಒತ್ತಿ ಬದಲಾಯಿಸುವ ಮೋಟಾರು ಕಟ್ಟೆಗಳೂ ಇವೆ, ಚೆನ್ನಾಗಿಯೂ ಇವೆ. ಇಬ್ಬರೂ ಸರದಿಯಂತೆ ಅದೇ ಜಾಗದಲ್ಲಿ ಅಡುಗೆ ಮಾಡುವುದಾದರೆ ಮಾತ್ರ ಅದಕ್ಕೆ ಹಣ ಹಾಕುವುದು ಸಾರ್ಥಕ.

ಪ್ರಶ್ನೆ: ಗಾಲಿಕುರ್ಚಿಯಲ್ಲಿರುವವರಿಗೆ ಗ್ಯಾಸ್ ಒಲೆಯೋ ಇಂಡಕ್ಷನ್ ಒಲೆಯೋ? ಒಲೆಯ ಕೆಳಗೂ ಮಂಡಿಗೆ ಜಾಗ ಬಿಡಬೇಕೇ?

ಉತ್ತರ: ಎರಡನೆಯ ಪ್ರಶ್ನೆಯೇ ಹೆಚ್ಚು ಕಠಿಣ, ಅದರಿಂದಲೇ ಆರಂಭಿಸುತ್ತೇನೆ. ಒಲೆಯ ಕೆಳಗೆ ಮಂಡಿ ಸೇರಿಸಿ ಕುಳಿತರೆ ಪಾತ್ರೆ ನೇರವಾಗಿ ಎದುರಿಗೆ ಬರುತ್ತದೆ, ತೋಳು ಚಾಚಬೇಕಾಗಿಲ್ಲ. ಆದರೆ ಉಕ್ಕಿದ್ದು, ಚೆಲ್ಲಿದ್ದು ಮಡಿಲಿಗೇ ಬೀಳುತ್ತದೆ, ಮತ್ತು ನಿಂತವರಂತೆ ಥಟ್ಟನೆ ಹಿಂದೆ ಸರಿಯಲು ಕುರ್ಚಿಯಲ್ಲಿರುವವರಿಗೆ ಆಗದು. ಜಾಗ ಬಿಡದಿದ್ದರೆ ಪಕ್ಕದಿಂದ ಕೈ ಚಾಚಬೇಕು. ಬೆನ್ನಿನ ಹಿಡಿತ ಕಡಿಮೆಯಿರುವವರು ಹಾಗೆ ಚಾಚುವಾಗ ಮುಗ್ಗರಿಸುವ ಭಯವಿದೆ. ನಾನು ಸಾಮಾನ್ಯವಾಗಿ ಮಂಡಿಯ ಜಾಗವನ್ನು ಒಲೆಯ ಕೆಳಗೆ ಬಿಡಿಸದೆ ಅದರ ಪಕ್ಕದಲ್ಲಿ ಬಿಡಿಸುತ್ತೇನೆ. ಕುಳಿತವರು ಹೆಚ್ಚುವ ಜಾಗದ ಎದುರಿಗಿದ್ದು, ತುಸು ಓರೆಯಾಗಿ ಒಲೆಯನ್ನು ತಲುಪುತ್ತಾರೆ. ಕಾಲಿನಲ್ಲಿ ಸ್ಪರ್ಶವಿಲ್ಲದವರ ವಿಷಯದಲ್ಲಂತೂ ಈ ಏರ್ಪಾಡನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಜಾಗ ಕೆಳಗೇ ಬೇಕೆಂದು ತೀರ್ಮಾನಿಸಿದರೆ ಒಲೆಯ ತಳಕ್ಕೆ ಶಾಖ ತಡೆಯುವ ಹಲಗೆಯನ್ನು ತಪ್ಪದೆ ಹಾಕಿಸಿ, ಕಟ್ಟೆಯ ಮುಂದಿನ ಅಂಚಿಗೆ ಚೆಲ್ಲಿದ್ದನ್ನು ತಡೆಯುವಷ್ಟು ಸಣ್ಣ ದಿಂಡನ್ನು ಕೊಡಿಸಿ.

ಇಂಡಕ್ಷನ್ ಒಲೆಗೆ ಮೂರು ಅನುಕೂಲಗಳಿವೆ. ಉರಿಯಿಲ್ಲದ್ದರಿಂದ ತೋಳಿನ ಬಟ್ಟೆಗೆ ಬೆಂಕಿ ತಗುಲುವುದಿಲ್ಲ. ಕುಳಿತವರ ತೋಳು ಪಾತ್ರೆಯ ಮಟ್ಟದಲ್ಲೇ ಇರುವುದರಿಂದ ಇದು ಸಣ್ಣ ಮಾತಲ್ಲ. ಪಾತ್ರೆಯನ್ನು ತೆಗೆದೊಡನೆ ಕಾಯಿಸುವುದು ನಿಲ್ಲುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ಕಟ್ಟೆಯ ಸಮಕ್ಕೆ ಹುದುಗಿಸಿದರೆ ಪಾತ್ರೆಯನ್ನು ಎತ್ತದೆ, ಪಕ್ಕಕ್ಕೆ ಜಾರಿಸಿಯೇ ಸಿಂಕಿನವರೆಗೆ ಒಯ್ಯಬಹುದು. ಗಾಜು ತಣ್ಣಗಿರುತ್ತದೆ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ, ಪಾತ್ರೆಯ ಬಿಸಿ ಅದಕ್ಕೂ ಇಳಿದಿರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಕೊಳ್ಳುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಕೈ ನಡುಗುವವರಿಗೆ, ದೃಷ್ಟಿ ಮಂದವಾದವರಿಗೆ ಮುಟ್ಟಿದರೆ ಸಾಕೆನ್ನುವ ನುಣುಪು ಗುಂಡಿಗಳು ಕಾಟ ಕೊಡುತ್ತವೆ. ತಿರುಗಿಸುವ ಗುಂಡಿಗಳಿರುವ ಮಾದರಿಗಳನ್ನು ಹುಡುಕಿ.

ಗ್ಯಾಸ್ ಒಲೆಯನ್ನೇ ಇಟ್ಟುಕೊಳ್ಳುವುದಾದರೆ ಅದರ ಗುಂಡಿಗಳು ಮುಂದಿರಲಿ, ಉರಿಯುವ ಒಲೆಯ ಮೇಲಿಂದ ಕೈ ಚಾಚಿ ತಿರುಗಿಸುವಂತಿರಬಾರದು. ಅನಿಲವನ್ನು ನಿಲ್ಲಿಸುವ ಮುಖ್ಯ ಕೀಲಿ ಕುಳಿತಲ್ಲಿಂದಲೇ ಕೈಗೆಟುಕಲಿ. ಯಾವ ಒಲೆಯಾದರೂ ಅದರ ಎರಡೂ ಪಕ್ಕಗಳಲ್ಲಿ ಪಾತ್ರೆ ಇಳಿಸಲು ಬರಿಯ ಕಟ್ಟೆ ಇರಬೇಕು. ಕುಳಿತವರಿಗೆ ಪಾತ್ರೆಯೊಳಗೆ ಏನು ಬೇಯುತ್ತಿದೆ ಎಂಬುದೇ ಕಾಣದು. ಹಿಂಬದಿಯ ಗೋಡೆಗೆ ಮುಂದಕ್ಕೆ ಬಾಗಿಸಿ ತೂಗುಹಾಕಿದ ಒಂದು ಕನ್ನಡಿ ಆ ಕೆಲಸವನ್ನು ಸೊಗಸಾಗಿ ಮಾಡುತ್ತದೆ. ಓವನ್ ಬೇಕಿದ್ದರೆ ಕೆಳಕ್ಕೆ ತೆರೆಯುವ ಬಾಗಿಲು ಬೇಡ, ಏಕೆಂದರೆ ಅದು ಕುರ್ಚಿಗೂ ಬಿಸಿ ತಟ್ಟೆಗೂ ನಡುವೆ ಅಡ್ಡಗೋಡೆಯಾಗುತ್ತದೆ. ಪಕ್ಕಕ್ಕೆ ತೆರೆಯುವ ಬಾಗಿಲು, ಅದರ ಕೆಳಗೆ ಹೊರಕ್ಕೆಳೆಯಬಹುದಾದ ಹಲಗೆ ಇದ್ದರೆ ತಟ್ಟೆ ಮೊದಲು ಹಲಗೆಗೆ ಬರುತ್ತದೆ, ಆಮೇಲೆ ಕಟ್ಟೆಗೆ.

ಪ್ರಶ್ನೆ: ಸೊಂಟದ ಶಸ್ತ್ರಚಿಕಿತ್ಸೆಯ ನಂತರ ನಮ್ಮ ತಂದೆ ವಾಕರ್ ಹಿಡಿದು ನಡೆಯುತ್ತಾರೆ. ಅವರಿಗಾಗಿ ಅಡುಗೆಮನೆಯ ನಡುವಿನ ಮೇಜನ್ನು ತೆಗೆಸಿ ವಿಶಾಲ ಮಾಡಿದೆವು. ಈಗ ಅವರು ಅಲ್ಲಿಗೆ ಹೋಗಲು ಮೊದಲಿಗಿಂತ ಹೆಚ್ಚು ಹೆದರುತ್ತಾರೆ. ನಾವು ಎಲ್ಲಿ ತಪ್ಪಿದೆವು?

ಉತ್ತರ: ನೀವು ಗಾಲಿಕುರ್ಚಿಯ ಅಡುಗೆಮನೆಯನ್ನು ಕಟ್ಟಿ ಅದರೊಳಗೆ ವಾಕರ್ ಹಿಡಿದವರನ್ನು ನಿಲ್ಲಿಸಿದ್ದೀರಿ. ಓಡಾಟದ ತೊಡಕು ಎಂದೊಡನೆ ಎಲ್ಲರಿಗೂ ಒಂದೇ ಮದ್ದು ಎಂದುಕೊಳ್ಳುವುದು ಸಹಜ, ನಿಮ್ಮನ್ನು ದೂರುತ್ತಿಲ್ಲ. ಗಾಲಿಕುರ್ಚಿಗೆ ಬೇಕಾದದ್ದು ತೆರವು. ಕಾಲು ಭದ್ರವಿಲ್ಲದೆ ನಡೆಯುವವರಿಗೆ ಬೇಕಾದದ್ದು ಆಸರೆ. ಬಟ್ಟಬಯಲಾದ ನೆಲದ ನಡುವೆ ಅವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಎರಡು ಕಟ್ಟೆಗಳ ನಡುವೆ 105ರಿಂದ 120 ಸೆಂಟಿಮೀಟರ್ ಅಂತರವಿದ್ದರೆ ವಾಕರ್ ಸಲೀಸಾಗಿ ಹಾಯುತ್ತದೆ, ಕೈ ಚಾಚಿದರೆ ಯಾವುದಾದರೊಂದು ಕಟ್ಟೆಯೂ ಸಿಗುತ್ತದೆ. ಆ ಮೇಜು ಗಟ್ಟಿಯಾಗಿದ್ದು, ತಳ್ಳಿದರೆ ಸರಿಯದಂತಿದ್ದರೆ, ಅಷ್ಟೇ ದೂರಕ್ಕೆ ಅದನ್ನು ಮರಳಿ ತಂದು ನೆಲಕ್ಕೆ ಬಿಗಿಸಿ.

ಅವರ ನಿಜವಾದ ಸಮಸ್ಯೆ ಕಾಲಿನದ್ದಲ್ಲ, ಕೈಯದ್ದು. ಎರಡೂ ಕೈಗಳು ವಾಕರ್ ಹಿಡಿದಿರುವಾಗ ಒಂದು ಲೋಟ ನೀರನ್ನೂ ಒಯ್ಯಲಾಗದು. ಬಿಸಿ ಪಾತ್ರೆಯ ಗೆರೆ ಇಲ್ಲಿ ಕಟ್ಟೆಯನ್ನು ಒಂದು ಕ್ಷಣವೂ ಬಿಡಬಾರದು: ಒಲೆ, ಬರಿ ಕಟ್ಟೆ, ಸಿಂಕು, ಮತ್ತೆ ಬರಿ ಕಟ್ಟೆ, ಅದರ ಕೊನೆಗೆ ಕುಳಿತು ಉಣ್ಣುವ ಜಾಗ ಇದ್ದುಬಿಟ್ಟರೆ ತಟ್ಟೆಯನ್ನು ಎತ್ತುವ ಅಗತ್ಯವೇ ಇರದು. ಊಟದ ಜಾಗ ಬೇರೆ ಕೋಣೆಯಲ್ಲಿದ್ದರೆ ತಳ್ಳುಗಾಡಿಯೊಂದನ್ನು ಕೊಡಿಸಿ. ಆದರೆ ಅದು ಆತು ನಡೆಯಲೆಂದೇ ಮಾಡಿದ, ಭಾರವಾದ, ತಡೆ ಹಾಕಬಹುದಾದ ಗಾಡಿಯಾಗಿರಬೇಕು. ಹಗುರವಾದ ಟ್ರಾಲಿಯನ್ನು ಆತುಕೊಂಡರೆ ಅದು ಮುಂದೆ ಓಡುತ್ತದೆ. ವಾಕರಿಗೆ ಸಿಕ್ಕಿಸುವ ತಟ್ಟೆ ತಣ್ಣನೆಯ, ಚೆಲ್ಲದ ವಸ್ತುಗಳಿಗಷ್ಟೇ.

ಬಹಳ ಹೊತ್ತು ನಿಲ್ಲಲಾಗದವರಿಗೆ ಆಸನ ತುಸು ಮುಂದಕ್ಕೆ ವಾಲಿದ, ಕೈಯಾಸರೆಯುಳ್ಳ ಎತ್ತರದ ಸ್ಟೂಲುಗಳು ದೊರೆಯುತ್ತವೆ. ಪೂರ್ತಿ ಕೂರದೆ, ಪೂರ್ತಿ ನಿಲ್ಲದೆ, ಅರೆಕುಳಿತು ಕೆಲಸ ಮಾಡಬಹುದು. ಚಕ್ರವಿರುವ ಸ್ಟೂಲನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ನೆಲದ ಚಾಪೆಗಳನ್ನು ಇಂದೇ ತೆಗೆಯಿರಿ. ಹೊಸ್ತಿಲು 12 ಮಿಲಿಮೀಟರಿಗಿಂತ ಎತ್ತರವಿರದೆ ಇಳಿಜಾರಾಗಿರಲಿ. ಮಿರುಗುವ ನೆಲಕ್ಕಿಂತ ಮಂಕು ನೆಲ ಒಳ್ಳೆಯದು, ಬೆಳಕು ಪ್ರತಿಫಲಿಸಿದರೆ ಒದ್ದೆಯೋ ಒಣಗಿದೆಯೋ ತಿಳಿಯದು. ಬಟ್ಟೆ ಒಣಗಿಸುವ ಸರಳನ್ನು ಹಿಡಿಕಂಬಿ ಎಂದು ತಿಳಿದು ಹಿಡಿಯುವವರು ಬಹಳ. ಮೈಭಾರ ತಡೆಯದ ಯಾವ ಸರಳನ್ನೂ ಅವರ ಕೈಗೆ ಸಿಗುವಂತೆ ಬಿಡಬೇಡಿ.

ಪ್ರಶ್ನೆ: ಮೇಲಿನ ಕಪಾಟುಗಳು ಎಳೆದರೆ ಕೆಳಗಿಳಿಯುವಂಥ ಯಂತ್ರಗಳನ್ನು ಅಂಗಡಿಯವರು ಬಹಳ ಹೊಗಳುತ್ತಾರೆ. ಕೊಳ್ಳಬಹುದೇ?

ಉತ್ತರ: ಕೆಳಗಿನ ಕಪಾಟುಗಳನ್ನೆಲ್ಲ ಡ್ರಾಯರುಗಳನ್ನಾಗಿ ಬದಲಿಸಿದ ಮೇಲೂ ಸಾಮಾನು ಉಳಿದರೆ ಕೊಳ್ಳಿ, ಅದಕ್ಕೆ ಮೊದಲು ಬೇಡ. ಸುಮಾರು 60 ಸೆಂಟಿಮೀಟರ್ ಆಳದ ಕಟ್ಟೆಯ ಮೇಲಿಂದ ಕುಳಿತವರ ಕೈ ಎಟುಕುವ ಮಿತಿಯನ್ನು ಸುಮಾರು 112 ಸೆಂಟಿಮೀಟರ್ ಎಂದು ಲೆಕ್ಕ ಹಾಕುತ್ತಾರೆ. ಮೇಲಿನ ಕಪಾಟಿನ ತಳವೇ ಅದಕ್ಕಿಂತ ಎತ್ತರದಲ್ಲಿರುವುದು ವಾಡಿಕೆ. ಇಳಿಯುವ ಯಂತ್ರವಿದ್ದರೂ ಅದರ ಹಿಡಿಕೆ ಕೈಗೆ ಸಿಗಬೇಕು, ತುಂಬಿದ ಕಪಾಟನ್ನು ಮರಳಿ ಮೇಲಕ್ಕೆ ತಳ್ಳುವ ಬಲವೂ ಬೇಕು. ಪೂರ್ತಿ ಹೊರಬರುವ ಚಾನೆಲ್‌ಗಳ ಡ್ರಾಯರಿನಲ್ಲಿ ಹಿಂದಿನ ಮೂಲೆಯ ಡಬ್ಬಿಯೂ ಮಡಿಲ ಮುಂದೆ ಬಂದು ನಿಲ್ಲುತ್ತದೆ. ಹಿಡಿಕೆಗಳು ಬೆರಳಿನಿಂದ ಚಿವುಟಿ ಎಳೆಯುವ ಗುಂಡಿಗಳಾಗದೆ, ನಾಲ್ಕು ಬೆರಳೂ ಒಳಗೆ ಹೋಗುವ ಕಮಾನುಗಳಾಗಿರಲಿ.

ಪ್ರಶ್ನೆ: ಪಾರ್ಶ್ವವಾಯುವಾದ ಮೇಲೆ ನನ್ನ ಬಲಗೈಯಲ್ಲಿ ಬಲವಿಲ್ಲ, ನಡೆಯುವಾಗ ಕೋಲು ಬೇಕು. ಬಾಡಿಗೆ ಮನೆ, ಏನನ್ನೂ ಒಡೆಯುವಂತಿಲ್ಲ. ಒಬ್ಬಳೇ ಇರುತ್ತೇನೆ. ನನ್ನಂಥವರಿಗೆ ನಿಮ್ಮ ಸಲಹೆಗಳು ಉಪಯೋಗಕ್ಕೆ ಬರುತ್ತವೆಯೇ?

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲಿರುವ ಚುರುಕು ನ್ಯಾಯವಾದದ್ದೇ. ಗೋಡೆ ಮುಟ್ಟದೆಯೂ ಮಾಡಬಹುದಾದದ್ದು ಬಹಳವಿದೆ, ಅದರಲ್ಲಿ ಹೆಚ್ಚಿನದು ಒಂದು ಕೈಯ ಬದಲಿಗೆ ಕಟ್ಟೆಯನ್ನೇ ಇನ್ನೊಂದು ಕೈಯಾಗಿ ಮಾಡಿಕೊಳ್ಳುವ ಉಪಾಯ. ಹೆಚ್ಚುವ ಹಲಗೆಯ ಮೇಲೆ ತುಕ್ಕು ಹಿಡಿಯದ ಎರಡು ಮೊಳೆಗಳು ಕೆಳಗಿನಿಂದ ಮೇಲೆ ಬರುವಂತೆ ಹೊಡೆಸಿದರೆ ತರಕಾರಿಯನ್ನು ಅವು ಹಿಡಿದಿರುತ್ತವೆ. ಹಲಗೆಯ ಮೂಲೆಯಲ್ಲಿ ಎರಡು ಸಣ್ಣ ದಿಂಡುಗಳಿದ್ದರೆ ಬ್ರೆಡ್ಡನ್ನು ಅವುಗಳಿಗೆ ಒತ್ತಿ ಹಿಡಿದು ಬೆಣ್ಣೆ ಹಚ್ಚಬಹುದು. ಕೆಲಸ ಮುಗಿದೊಡನೆ ಮೊಳೆಗಳ ತುದಿಗೆ ಬೆಂಡು ಚುಚ್ಚಿಡಿ. ಪಾತ್ರೆಯ ಕೆಳಗೆ ಜಾರದ ಸಿಲಿಕೋನ್ ಹಾಸು, ಅದಿಲ್ಲದಿದ್ದರೆ ಒದ್ದೆ ಬಟ್ಟೆಯಾದರೂ ಸಾಕು, ಕಲಸುವಾಗ ಪಾತ್ರೆ ತಿರುಗುವುದಿಲ್ಲ.

ಬಿಸಿ ನೀರನ್ನು ಬಸಿಯುವ ಕೆಲಸವನ್ನು ಇಂದಿನಿಂದ ಬಿಟ್ಟುಬಿಡಿ. ತಂತಿಯ ಬುಟ್ಟಿಯೊಂದನ್ನು ಪಾತ್ರೆಯೊಳಗಿಟ್ಟು ಅದರಲ್ಲಿಯೇ ತರಕಾರಿ ಬೇಯಿಸಿ, ಬೆಂದ ಮೇಲೆ ಬುಟ್ಟಿಯನ್ನಷ್ಟೇ ಎತ್ತಿ. ನೀರು ಇದ್ದಲ್ಲೇ ತಣಿಯಲಿ. ನೀರು ತುಂಬಿದ ಪಾತ್ರೆಯನ್ನು ಒಲೆಗೆ ಎತ್ತುವ ಬದಲು ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಚಿಕ್ಕ ಜಗ್ಗಿನಿಂದ ಎರಡು ಮೂರು ಸಲ ನೀರು ಸುರಿಯಿರಿ. ಒಂದು ಕೈಯಿಂದ ಸೌಟಾಡಿಸುವಾಗ ಉದ್ದ ಹಿಡಿಕೆಯ ಬಾಣಲೆ ತಿರುಗಿಬಿಡುತ್ತದೆ, ಹಿಡಿಕೆಯನ್ನು ಸಿಕ್ಕಿಸಿ ನಿಲ್ಲಿಸುವ ತಂತಿಯ ಚೌಕಟ್ಟುಗಳು ಇದಕ್ಕೆಂದೇ ಸಿಗುತ್ತವೆ. ತಿರುಗಿಸುವ ನಲ್ಲಿಯ ತಲೆಯನ್ನು ತೆಗೆಸಿ ಸನ್ನೆಕೋಲಿನಂಥ ಉದ್ದ ಹಿಡಿಕೆ ಹಾಕಿಸಿಕೊಳ್ಳಿ. ಹಳೆಯದನ್ನು ಜೋಪಾನವಾಗಿಟ್ಟು ಮನೆ ಬಿಡುವಾಗ ಮತ್ತೆ ಹಾಕಿಸಿದರಾಯಿತು. ಮನೆಯ ಮಾಲೀಕರು ಒಪ್ಪಿದರೆ ಕೆಳಗಿನ ಒಂದು ಕಪಾಟಿನ ಬಾಗಿಲುಗಳನ್ನೂ ಕಳಚಿಡಿ. ಬಾಗಿಲು ತೆರೆದು ಹಿಡಿಯುವುದೂ ಒಂದು ಕೈಯನ್ನು ತಿನ್ನುವ ಕೆಲಸವೇ.

ನೀವು ಬರೆದಿರದ ಒಂದು ವಿಷಯವನ್ನು ಕೇಳಲೇಬೇಕು. ಪಾರ್ಶ್ವವಾಯುವಾದ ಕೆಲವರಿಗೆ, ಕಣ್ಣು ಸರಿಯಿದ್ದರೂ, ಒಂದು ಪಕ್ಕದಲ್ಲಿರುವುದು ಗಮನಕ್ಕೇ ಬರುವುದಿಲ್ಲ. ತಟ್ಟೆಯ ಒಂದು ಬದಿಯ ಊಟ ಹಾಗೆಯೇ ಉಳಿಯುವುದು, ಒಂದೇ ಕಡೆಯ ಬಾಗಿಲಂಚಿಗೆ ಪದೇ ಪದೇ ಭುಜ ತಗುಲುವುದು ಅದರ ಲಕ್ಷಣ. ಹಾಗೇನಾದರೂ ಇದ್ದರೆ ಒಲೆಯನ್ನು ಎಲ್ಲಿಡಬೇಕೆಂಬುದನ್ನು ನನ್ನ ಅಂಕಣ ಓದಿ ನಿರ್ಧರಿಸಬೇಡಿ. ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ಕಲಿಸುವ ತಜ್ಞರು, ಅಂದರೆ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು, ನಿಮ್ಮ ಅಡುಗೆಮನೆಗೇ ಬಂದು, ನೀವು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿ ಹೇಳಬೇಕು.

ಪ್ರಶ್ನೆ: ನಾವು ಹೊಸ ಮನೆ ಕಟ್ಟಿಸುತ್ತಿದ್ದೇವೆ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಆದರೂ ಮುಂದಾಲೋಚನೆಯಿಂದ ಅಡುಗೆಮನೆಯಲ್ಲಿ ಏನಾದರೂ ಮಾಡಿಸಿಡಬೇಕೇ? ಆಸ್ಪತ್ರೆಯಂತೆ ಕಾಣುತ್ತದೆಂದು ಮಗನ ಆಕ್ಷೇಪ.

ಉತ್ತರ: ಈಗ ಮಾಡಬೇಕಾದ ಕೆಲಸಗಳಲ್ಲಿ ಹೆಚ್ಚಿನವು ಗೋಡೆಯೊಳಗೆ, ನೆಲದೊಳಗೆ ಅಡಗಿರುತ್ತವೆ, ನಿಮ್ಮ ಮಗನ ಕಣ್ಣಿಗೆ ಅವು ಬೀಳುವುದೇ ಇಲ್ಲ. ವಯಸ್ಸು, ಶಕ್ತಿ ಏನೇ ಇದ್ದರೂ ಆದಷ್ಟು ಮಂದಿಗೆ ಒಪ್ಪುವಂತೆ ಮೊದಲೇ ಕಟ್ಟುವ ಈ ಕ್ರಮಕ್ಕೆ ಯೂನಿವರ್ಸಲ್ ಡಿಸೈನ್ ಎಂಬ ಹೆಸರನ್ನು 1980ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ವಾಸ್ತುಶಿಲ್ಪಿ ರಾನ್ ಮೇಸ್. ಬಾಲ್ಯದಲ್ಲಿ ಪೋಲಿಯೊಗೆ ತುತ್ತಾಗಿ ಅವರು ಸ್ವತಃ ಗಾಲಿಕುರ್ಚಿಯನ್ನು ಬಳಸುತ್ತಿದ್ದರು. ಇನ್ನು, ಕುಳಿತು ಅಡುಗೆಕೆಲಸ ಮಾಡುವುದು ರೋಗಿಗಳ ಲಕ್ಷಣವೆಂದು ನಿಮ್ಮ ಮಗನಿಗೆ ತೋರುತ್ತಿದ್ದರೆ ಇದನ್ನು ಹೇಳಿ: ಇಂದಿನ ಜೋಡಿಸಿದ ಅಡುಗೆಮನೆಗಳ ಮೂಲವೆನ್ನಲಾಗುವ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಷ್ಯೂಟೆ-ಲಿಹೋಟ್ಸ್ಕಿ ರೂಪಿಸಿದಾಗ, ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಆ ಪುಟ್ಟ ಕೋಣೆಯಲ್ಲೂ ಕಿಟಕಿಯ ಬಳಿಯ ಕಟ್ಟೆಗೆ ಒಂದು ತಿರುಗುವ ಸ್ಟೂಲಿಗೆ ಜಾಗವಿತ್ತು. ಆ ಅಡುಗೆಮನೆಯ ಇಕ್ಕಟ್ಟನ್ನು ನಾನು ಸಮರ್ಥಿಸುತ್ತಿಲ್ಲ, ಗಾಲಿಕುರ್ಚಿ ಅದರೊಳಗೆ ತಿರುಗಲಾರದು. ಸ್ಟೂಲನ್ನು ಮಾತ್ರ ಒಪ್ಪುತ್ತೇನೆ.

ಬಾಗಿಲಿನ ತೆರವು 90 ಸೆಂಟಿಮೀಟರ್ ಇರಲಿ. ಆಮೇಲೆ ಅಗಲ ಮಾಡಿಸುವುದು ತಲೆನೋವು. ನೆಲದ ಹಾಸನ್ನು ಕಪಾಟುಗಳ ಮುಂದೆ ನಿಲ್ಲಿಸದೆ ಗೋಡೆಯವರೆಗೂ ಹಾಕಿಸಿ. ಹತ್ತು ವರ್ಷಗಳ ನಂತರ ಸಿಂಕಿನ ಕೆಳಗಿನ ಕಪಾಟನ್ನು ಕಳಚಿ ಮಂಡಿಗೆ ಜಾಗ ಮಾಡಬೇಕಾಗಿ ಬಂದರೆ ನೆಲ ಸಮವಾಗಿ ಸಿಗುತ್ತದೆ. ಕಟ್ಟೆಯನ್ನು ಕಪಾಟುಗಳ ಮೇಲೆ ಕೂರಿಸದೆ ಗೋಡೆಗೆ ಬಿಗಿದ ಬ್ರಾಕೆಟ್ಟುಗಳ ಮೇಲೆ ಕೂರಿಸಿದರೆ ಮುಂದೆ ಅದನ್ನು ಕೆಳಗಿಳಿಸಬಹುದು. ಅದಕ್ಕೆ ತಕ್ಕಂತೆ ಸಿಂಕಿನ ನೀರು ಹೊರಹೋಗುವ ಕೊಳವೆ ಗೋಡೆಯನ್ನು ಹೊಗುವ ಜಾಗವನ್ನು ಈಗಲೇ ವಾಡಿಕೆಗಿಂತ ಹದಿನೈದು ಸೆಂಟಿಮೀಟರಿನಷ್ಟು ತಗ್ಗಿಸಿಡಿ. ಒಂದೆರಡು ಪ್ಲಗ್ಗುಗಳನ್ನೂ ದೀಪದ ಸ್ವಿಚ್ಚನ್ನೂ ಕಟ್ಟೆಯ ಹಿಂಬದಿಯ ಗೋಡೆಯ ಬದಲು ಮುಂದಿನ ಅಂಚಿನ ಕೆಳಗೆ, ನೀರು ಸಿಡಿಯದ ಕಡೆ ಕೊಡಿಸಿದರೆ ಕುಳಿತವರಿಗಷ್ಟೇ ಅಲ್ಲ, ಎಲ್ಲರಿಗೂ ಹಿತ. ಮುಂದೆ ಹಿಡಿಕಂಬಿ ಬೇಕಾಗಬಹುದಾದ ಗೋಡೆ ಟೊಳ್ಳಾಗಿದ್ದರೆ ಅದರೊಳಗೆ ಗಟ್ಟಿ ಹಲಗೆಯನ್ನು ಸೇರಿಸಿಡಿ. ಗಾರೆ ಬೀಳುವ ಮುನ್ನ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಪ್ರತಿಯೊಂದು ಗೋಡೆಯ ಚಿತ್ರ ತೆಗೆದು ಮನೆಯ ಕಾಗದಪತ್ರಗಳ ಜೊತೆಗಿಡಿ; ಯಾವ ಕೊಳವೆ, ಯಾವ ತಂತಿ, ಯಾವ ಹಲಗೆ ಎಲ್ಲಿದೆ ಎಂಬುದು ಕಂಬಿ ಹಾಕಲು ಬಂದವನಿಗೆ ಅದರಿಂದ ತಿಳಿಯುತ್ತದೆ.